ಮೀನಿನ ಗೃಹಪ್ರವೇಶಕ್ಕೂ ಮುಹೂರ್ತ ಬೇಕು

ಪೇಟೆ ಬೀದಿಯ ಜವಳಿ ಅಂಗಡಿಗೆ ಕಳೆದ ತಿಂಗಳು ಮೂರಡಿ ಉದ್ದದ ಹೊಸ ಗಾಜಿನ ತೊಟ್ಟಿ ಬಂತು. ಸಾಹುಕಾರರು ಕೊಳಾಯಿ ನೀರು ತುಂಬಿಸಿ, ಅದೇ ಸಂಜೆ ಚಿಕ್ಕ ತೊಟ್ಟಿಯಲ್ಲಿದ್ದ ಆರು ಗೋಲ್ಡ್‌ಫಿಷ್‌ಗಳನ್ನು ಬಿಟ್ಟೇಬಿಟ್ಟರು. ಹಳೇ ಫಿಲ್ಟರಿನ ಸ್ಪಂಜು ಗಲೀಜೆಂದು ಕಸಕ್ಕೆ ಹೋಯಿತು. ವಾರದೊಳಗೆ ನಾಲ್ಕು ಮೀನು ಸತ್ತು ತೇಲಿದವು. "ಯಾರ ಕಣ್ಣು ಬಿತ್ತೋ!" ಅಂದರು ಸಾಹುಕಾರರು.

ಕಣ್ಣಲ್ಲ ಸ್ವಾಮೀ, ನೀರು! ಕೊಳಾಯಿ ನೀರಿನ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಅದು ಸಾಲದೆಂಬಂತೆ ಮೀನಿನ ಹೊಲಸಿನಿಂದ, ಮಿಕ್ಕ ತಿಂಡಿಯಿಂದ ಅಮೋನಿಯಾ ಹುಟ್ಟುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲೆರಡೂ ವಿಷ, ಮೂರನೆಯದರ ಕಾಟ ಕಡಿಮೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಹಳೇ ತೊಟ್ಟಿಯಲ್ಲಿ ಅವು ಹೆಚ್ಚಾಗಿ ಇರುವುದೇ ಆ ಗಲೀಜು ಸ್ಪಂಜಿನಲ್ಲಿ! ನೀರು ಪನ್ನೀರಿನಂತೆ ಕಂಡರೇನು ಬಂತು?

ಉಪಾಯ ನಮ್ಮ ಅಡುಗೆಮನೆಯಲ್ಲೇ ಇದೆ: ಹೆಪ್ಪು. ಮೊದಲು ನೀರಿಗೆ ಕ್ಲೋರಿನ್ ತೆಗೆಯುವ ಔಷಧಿ ಹಾಕಿ. ಹಳೇ ಸ್ಪಂಜನ್ನು ಕೊಳಾಯಿಯಡಿ ತೊಳೆಯದೆ ಹೊಸ ಫಿಲ್ಟರಿಗೆ ಸೇರಿಸಿ. ಮೀನಿರುವ ಚೀಲವನ್ನು 15-20 ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು, ಹೊಸ ನೀರನ್ನು ಸ್ವಲ್ಪಸ್ವಲ್ಪವೇ ಬೆರೆಸಿ, ಆಮೇಲೆ ಬಿಡಿ. ಎಲ್ಲವನ್ನೂ ಒಟ್ಟಿಗೆ ತಳ್ಳಬೇಡಿ. ತಿಂಡಿಯಲ್ಲೂ ಕೈ ಬಿಗಿಯಿರಲಿ.

ಸಾಹುಕಾರರು ಈಗ ಪಕ್ಕದ ಹೋಟೆಲಿನ ತೊಟ್ಟಿಯಿಂದ ಹೆಪ್ಪು ತಂದಿದ್ದಾರೆ. ದಿನಾ ಕಾಲುಭಾಗ ನೀರೂ ಬದಲಾಗುತ್ತಿದೆ. ಉಳಿದೆರಡು ಮೀನು ಲವಲವಿಕೆಯಿಂದಿವೆ.

ಅಂಗಡಿ ತೆರೆಯಲು ಪಂಚಾಂಗ ನೋಡಿ ತಿಂಗಳುಗಟ್ಟಲೆ ಕಾಯುವವರು ನಾವು. ಮೂಕಜೀವಕ್ಕಾಗಿ ನಾಲ್ಕು ವಾರ ತಾಳಿದರೆ ಗಂಟೇನು ಹೋಗುತ್ತೆ?