ವೈರ್ ಜಾಮ್ ಆಯ್ತಾ? ಕೈ ಹಾಕೋ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ

ಗೇಟ್, ಗ್ರಿಲ್, ಟ್ರ್ಯಾಕ್ಟರ್ ಟ್ರೇಲರ್ ಮಾಡುವ ತಾಲ್ಲೂಕಿನ ಹಲವು ಅಂಗಡಿಗಳಲ್ಲಿ ಈಗ ರಾಡ್ ವೆಲ್ಡಿಂಗ್ ಜೊತೆಗೆ ಸಿಒಟು ಮಷಿನ್ ಕೂಡ ಇದೆ. ಕೆಲಸ ಬೇಗ ಆಗುತ್ತೆ ನಿಜ. ಆದ್ರೆ ವೈರ್ ಫೀಡರ್ ವಿಷಯದಲ್ಲಿ ಅಸಡ್ಡೆ ಮಾಡಿದ್ರೆ ಬೆರಳಿಗೇ ಕುತ್ತು.

ಟ್ರಿಗರ್ ಒತ್ತಿದಾಗ ಟಾರ್ಚ್ ತುದಿಗೆ ಮಾತ್ರ ಕರೆಂಟ್ ಬರಲ್ಲ. ಫೀಡರ್ ಒಳಗಿನ ರೋಲರ್, ವೈರ್ ಬಂಡಲ್‌ಗೂ ಬರುತ್ತೆ. ಒಬ್ಬರು ಒಳಗೆ ಕೈ ಹಾಕಿರುವಾಗ ಇನ್ನೊಬ್ಬರು ಟ್ರಿಗರ್ ಒತ್ತಿದ್ರೆ ಶಾಕ್ ಹೊಡೆಯಬಹುದು, ಬೆರಳು ರೋಲರ್‌ಗೆ ಸಿಕ್ಕಬಹುದು. ಹಾಗಾಗಿ ವೈರ್ ಸಿಕ್ಕಿಕೊಂಡ್ರೆ ಮೊದಲು ಮೇನ್ ಆಫ್ ಮಾಡಿ, ಆಮೇಲೆ ಬಾಗಿಲು ತೆಗೆಯಿರಿ.

ಪದೇ ಪದೇ ಜಾಮ್ ಆಗ್ತಿದ್ರೆ ಇವನ್ನು ನೋಡಿ:

* ಟಿಪ್‌ನಲ್ಲಿ ಕಿಡಿ ಅಂಟಿ ತೂತು ಮುಚ್ಚಿದ್ರೆ ಅಥವಾ ಸವೆದಿದ್ರೆ ಬದಲಿಸಿ.
* 0.8 ಎಂಎಂ ವೈರಿಗೆ 0.8 ಗಾಡಿಯ ರೋಲರ್ರೇ ಬೇಕು. 1.2 ಗಾಡಿಯಲ್ಲಿ ವೈರ್ ಜಾರುತ್ತೆ.
* ಜಾರುತ್ತೆ ಅಂತ ರೋಲರ್ ಸ್ಕ್ರೂ ಜಾಸ್ತಿ ಬಿಗಿ ಮಾಡಬೇಡಿ. ವೈರ್ ಚಪ್ಪಟೆಯಾಗಿ, ಪುಡಿ ಉದುರಿ ಲೈನರ್ ಕಟ್ಟಿಕೊಳ್ಳುತ್ತೆ.
* ಬಂಡಲ್ ಬದಲಿಸುವಾಗಲೆಲ್ಲ ಟಾರ್ಚ್ ಕಳಚಿ, ಕನ್ನಡಕ ಹಾಕಿಕೊಂಡು ಲೈನರ್‌ಗೆ ಕಂಪ್ರೆಸರ್ ಗಾಳಿ ಹೊಡೆಯಿರಿ.

ಹೊಸ ವೈರ್ ಬಿಡುವಾಗ ಟಿಪ್ ಬಿಚ್ಚಿ, ಕೇಬಲ್ ನೇರ ಇಡಿ. ವೈರ್ ಬಂತಾ ಅಂತ ಟಾರ್ಚ್ ಒಳಗೆ ಇಣುಕಬೇಡಿ, ತುದಿಗೆ ಅಂಗೈ ಒಡ್ಡಬೇಡಿ. ಸೂಜಿಯಂತೆ ನುಗ್ಗಿ ಚುಚ್ಚುತ್ತೆ.

ಸಿಲಿಂಡರ್ ನಿಲ್ಲಿಸಿ ಚೈನ್ ಕಟ್ಟಿ. ಶಟರ್ ಎಳೆದುಕೊಂಡು ವೆಲ್ಡಿಂಗ್ ಬೇಡ, ಗ್ಯಾಸ್ ಒಳಗೇ ತುಂಬಿ ಉಸಿರು ಕಟ್ಟುವ ಅಪಾಯ ಇದೆ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರಿಗೆ ಮಾಲೀಕರು ಮೊದಲ ದಿನವೇ ಮೇನ್ ಸ್ವಿಚ್ ಎಲ್ಲಿದೆ ಅಂತ ತೋರಿಸಿಬಿಡಲಿ.