ಸದ್ದು ಪಡಸಾಲೆಗೆ, ಕೆಲಸ ಒಳಕೋಣೆಗೆ

ತೆಲಸಂಗದ ನಮ್ಮ ಮನೆಯ ಒಳಕೋಣೆಗೆ ಎರಡಡಿ ದಪ್ಪದ ಕಲ್ಲುಮಣ್ಣಿನ ಗೋಡೆ. ಬಾಗಿಲು ಹಾಕಿಕೊಂಡರೆ ಓಣಿಯಲ್ಲಿ ಹೋಗುವ ಟ್ರ್ಯಾಕ್ಟರಿನ ಸದ್ದೂ ಒಳಗೆ ಬರುವುದಿಲ್ಲ. ಭಜನಾ ಪದ, ತತ್ವಪದಗಳನ್ನು ನಾನು ರೆಕಾರ್ಡ್ ಮಾಡುವುದು ಅಲ್ಲೇ. ಹೊಟ್ಟೆಪಾಡಿನ ಲಗ್ನದ ವಿಡಿಯೊ ಎಡಿಟಿಂಗೂ ಅದೇ ಕೋಣೆಯ ಕಂಪ್ಯೂಟರಿನಲ್ಲಿ. ಹೊರಗಿನ ಸದ್ದನ್ನೆಲ್ಲ ಗೋಡೆ ತಡೆದ ಮೇಲೆ ಉಳಿಯುವುದು ಕಂಪ್ಯೂಟರಿನ ಫ್ಯಾನು. ಹಾಡುವ ಹಿರಿಯರು ಒಂದು ನುಡಿ ಮುಗಿಸಿ ಉಸಿರು ತಗೊಳ್ಳುವ ಗಳಿಗೆಯಲ್ಲಿ ಅದು ಮೈಕಿಗೆ ಸೊಂಯ್ ಎಂದು ಕೇಳಿಸುತ್ತದೆ. ಸಾಫ್ಟ್‌ವೇರಿನಿಂದ ಒರೆಸಬಹುದು, ಆದರೆ ಅದರ ಜೊತೆ ದನಿಯ ಕಸುವೂ ಚೂರು ಹೋಗುತ್ತದೆ. ಎಂಬತ್ತರ ಗಡಿ ದಾಟಿದ ಆ ದನಿಗಳನ್ನು ಇದ್ದಂತೆಯೇ ಹಿಡಿದಿಡಬೇಕೆಂಬುದು ನನ್ನ ಹಟ. ಆದ್ದರಿಂದ ಈ ವರ್ಷ ಕಂಪ್ಯೂಟರಿಗೆ ವಾಟರ್ ಕೂಲಿಂಗ್ ಹಾಕುವ ಲೆಕ್ಕಕ್ಕೆ ಕೂತಿದ್ದೇನೆ.

ನೀರು ಹಾಕಿದರೆ ಸದ್ದೇ ಇರುವುದಿಲ್ಲ ಎಂದು ಬಹಳ ಮಂದಿ ನಂಬಿದ್ದಾರೆ. ಹಾಗಿಲ್ಲ. ನೀರು ಶಾಖವನ್ನು ಇಲ್ಲಿಂದ ಅಲ್ಲಿಗೆ ಹೊತ್ತುಕೊಂಡು ಹೋಗುತ್ತದೆ, ಅಷ್ಟೇ. ಪ್ರೊಸೆಸರಿನ ಮೇಲೆ ತಾಮ್ರದ ಒಂದು ಬ್ಲಾಕ್ ಕೂರುತ್ತದೆ, ಅದರ ಸಣ್ಣ ಸೀಳುಗಳಲ್ಲಿ ನೀರು ಹರಿದು ಬಿಸಿಯಾಗುತ್ತದೆ. ಪಂಪು ಆ ನೀರನ್ನು ರೇಡಿಯೇಟರಿಗೆ ದೂಡುತ್ತದೆ. ರೇಡಿಯೇಟರಿನ ರೆಕ್ಕೆಗಳ ನಡುವೆ ಗಾಳಿ ಹಾಯಿಸಿ ಬಿಸಿಯನ್ನು ಹೊರಹಾಕುವುದು ಮತ್ತೆ ಫ್ಯಾನೇ. ಇದರ ಮೇಲೆ ಪಂಪಿನ ಗುಂಯ್‌ಗುಡುವಿಕೆ ಬೇರೆ. ಪ್ರೊಸೆಸರಿನ ಮೇಲೆ ಕೂರಿಸುವ ದೊಡ್ಡ ಏರ್ ಕೂಲರೊಂದನ್ನು ನಿಧಾನಕ್ಕೆ ತಿರುಗಿಸಿದರೆ ಎಷ್ಟೋ ಅಗ್ಗದ ವಾಟರ್ ಕೂಲರಿಗಿಂತ ಸುಮ್ಮನಿರುತ್ತದೆ. ಅಂದಹಾಗೆ, ಅಂಥ ಏರ್ ಕೂಲರಿನ ತಾಮ್ರದ ಹೀಟ್‌ಪೈಪಿನೊಳಗೂ ಹನಿ ನೀರಿರುತ್ತದೆ: ಬಿಸಿ ತುದಿಯಲ್ಲಿ ಆವಿಯಾಗಿ, ತಣ್ಣನೆ ತುದಿಯಲ್ಲಿ ಹನಿಯಾಗಿ ಹಿಂದಿರುಗುತ್ತದೆ. ಒಂದು ಪ್ರೊಸೆಸರ್ ಮಾತ್ರ ತಣಿಸಬೇಕಾದವರು ಅದನ್ನೇ ತಗೊಳ್ಳಿ ಎನ್ನುತ್ತೇನೆ.

ಹಾಗಿದ್ದೂ ನೀರೇ ಬೇಕು ಎನ್ನುವುದಕ್ಕೆ ನನ್ನ ಕಾರಣ ಆ ಗೋಡೆ. ಏರ್ ಕೂಲರನ್ನು ಚಿಪ್ಪಿನಿಂದ ಗೇಣು ದೂರವೂ ಸರಿಸಲಾಗದು. ನೀರಾದರೆ ಪೈಪಿನಲ್ಲಿ ಗೋಡೆ ದಾಟಿ ಪಡಸಾಲೆಗೆ ಹೋಗಬಲ್ಲದು. ರೇಡಿಯೇಟರು, ಫ್ಯಾನು, ಪಂಪು ಮೂರೂ ಆಚೆ ಕಡೆ. ಕೋಣೆಯಲ್ಲಿ ಕಂಪ್ಯೂಟರ್ ಮಾತ್ರ. ಇದರಲ್ಲಿ ಇನ್ನೊಂದು ಲಾಭ ಇದೆ. ರೆಕಾರ್ಡಿಂಗ್ ವೇಳೆಗೆ ಸೀಲಿಂಗ್ ಫ್ಯಾನೂ ಬಂದ್, ಬಾಗಿಲೂ ಬಂದ್. ಏಪ್ರಿಲ್‌ನಲ್ಲಿ ಹೊರಗೆ 40 ಡಿಗ್ರಿ ಕಾದಿರುವಾಗ ಒಳಗಿನ ಯಂತ್ರ ಚಿಕ್ಕ ಹೀಟರಿನಂತೆ ಉರಿದರೆ ಹಾಡುವವರ ಗಂಟಲು ಒಣಗುತ್ತದೆ. ಆ ಬಿಸಿಯ ಬಹುಪಾಲು ಕೋಣೆಯಿಂದಲೇ ಹೊರಗೆ ಹೋದರೆ ಎಲ್ಲರೂ ಸಮಾಧಾನದಿಂದ ಕೂರಬಹುದು.

ಇಡೀ ಕಂಪ್ಯೂಟರನ್ನೇ ಪಡಸಾಲೆಯಲ್ಲಿಟ್ಟು ಉದ್ದನೆ ಕೇಬಲ್ ಎಳೆಯಬಾರದೇ ಎಂದು ನೀವು ಕೇಳಬಹುದು. ಎಳೆಯಬಹುದು, ಅದು ಎಲ್ಲಕ್ಕಿಂತ ಅಗ್ಗ; ಮನೆಯಲ್ಲಿ ಸ್ವಚ್ಛ ಪಕ್ಕದ ಕೋಣೆ ಇದ್ದವರು ಮೊದಲು ಅದನ್ನೇ ಮಾಡಿ ನೋಡಬೇಕು. ನಮ್ಮ ಪಡಸಾಲೆ ಓಣಿಗೆ ತೆರೆದುಕೊಂಡಿದೆ. ದ್ರಾಕ್ಷಿ ಹಂಗಾಮಿನಲ್ಲಿ ಗಾಡಿಗಳು ಎಬ್ಬಿಸುವ ಕೆಂಧೂಳು ನೇರ ಒಳಗೆ ಬರುತ್ತದೆ. ರೇಡಿಯೇಟರಿಗೆ ಧೂಳು ಹತ್ತಿದರೆ ಬ್ರಷ್ ಆಡಿಸಿದರಾಯಿತು, ಮದರ್‌ಬೋರ್ಡಿಗೆ ಹತ್ತಿದರೆ ಹಾಗಾಗುವುದಿಲ್ಲ.

ಇನ್ನು ಲೆಕ್ಕ. ನನ್ನ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡಿಗೆ 170 ವ್ಯಾಟ್, ವಿಡಿಯೊ ರೆಂಡರಿಗೆ ಹಚ್ಚಿದಾಗ ಪ್ರೊಸೆಸರಿಗೆ ಸುಮಾರು 140. ಒಟ್ಟು 310 ವ್ಯಾಟ್ ಬಿಸಿ. ಒಂದು ಗ್ರಾಂ ನೀರು ಒಂದು ಡಿಗ್ರಿ ಏರಲು 4.18 ಜೂಲ್ ಬೇಕು. ನಿಮಿಷಕ್ಕೆ ಒಂದೇ ಲೀಟರ್ ಹರಿದರೂ ಇಷ್ಟು ಬಿಸಿಗೆ ನೀರು ನಾಲ್ಕೂವರೆ ಡಿಗ್ರಿ ಮಾತ್ರ ಏರುತ್ತದೆ. ಆದ್ದರಿಂದ ನೀರು ಮೊದಲು ಪ್ರೊಸೆಸರಿಗೋ ಮೊದಲು ಕಾರ್ಡಿಗೋ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಪೈಪು ಸಲೀಸಾಗಿ ಬಾಗುವ ದಾರಿಯೇ ಸರಿ.

ಸದ್ದನ್ನು ನಿರ್ಧರಿಸುವುದು ರೇಡಿಯೇಟರಿನ ವಿಸ್ತೀರ್ಣ. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಗಾಳಿಯೂ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಕಡಿಮೆಯಾದ ಗಾಳಿಯನ್ನು ತುಂಬಿಕೊಳ್ಳಲು ಫ್ಯಾನುಗಳನ್ನು ಎರಡು ಪಟ್ಟು ಮಾಡಿದರೆ ಏರುವುದು ಬರೀ 3. ಇಷ್ಟು ಲಾಭದ ವ್ಯಾಪಾರ ಬೇರೆಲ್ಲಿ ಸಿಕ್ಕೀತು! ಸಾಮಾನ್ಯವಾಗಿ 100 ವ್ಯಾಟ್‌ಗೆ 120 ಮಿಲಿಮೀಟರಿನ ಒಂದು ಫ್ಯಾನಿನಷ್ಟು ಜಾಗ ಎಂದು ಹಿಡಿಯುತ್ತಾರೆ. ನಾನು ಅದರ ದುಪ್ಪಟ್ಟು ಹಿಡಿದಿದ್ದೇನೆ: 360 ಮಿಲಿಮೀಟರಿನ ಎರಡು ರೇಡಿಯೇಟರು, ಆರು ಫ್ಯಾನು, ನಿಮಿಷಕ್ಕೆ 600 ಸುತ್ತಿನ ಆಸುಪಾಸು.

ನೀರು ಎಂದ ಕೂಡಲೇ ನಮ್ಮ ಮನಸ್ಸಿಗೆ ಮಣ್ಣಿನ ಗಡಿಗೆ ಬರುತ್ತದೆ. ಗಡಿಗೆಯ ನೀರು ಆವಿಯಾಗುತ್ತ ಕೋಣೆಗಿಂತ ತಣ್ಣಗಾಗುತ್ತದೆ. ಇಲ್ಲಿ ಎಲ್ಲ ಮುಚ್ಚಿದ ಪೈಪು, ಆವಿಯ ಮಾತಿಲ್ಲ. ಸುತ್ತಲಿನ ಗಾಳಿಗಿಂತ ನೀರು ತಣ್ಣಗಾಗಲಾರದು. ಪಡಸಾಲೆ 38 ಇದ್ದರೆ ನೀರು 48, 50. ಅಷ್ಟು ಬಿಸಿಯೇ ಎಂದು ಗಾಬರಿ ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗ ಸೂಪರ್ ಕಂಪ್ಯೂಟರ್ ಬುಲ್‌ಸೆಕ್ವಾನಾ ಎಂಬ ಸರಣಿಯದು. 40 ಡಿಗ್ರಿಯ ಬೆಚ್ಚಗಿನ ನೀರು ಕೊಟ್ಟರೂ ತಣಿಯುವಂತೆ ಆ ಸರಣಿಯನ್ನು ರೂಪಿಸಿದ್ದಾರೆ. ನಾನು ಆರಿಸಿರುವ ಡಿ5 ಪಂಪು 60 ಡಿಗ್ರಿ ನೀರಿನವರೆಗೆ ತಡೆಯುತ್ತದೆ, ಚಿಪ್ಪುಗಳು 70, 80ರಲ್ಲೂ ಆರಾಮಾಗಿರುತ್ತವೆ. ಕೋಣೆಗಿಂತ ತಣ್ಣಗಾಗುವುದಿಲ್ಲವೆಂದ ಮೇಲೆ ಪೈಪಿನ ಹೊರಗೆ ಬೆವರಿನ ಹನಿ ಕಟ್ಟುವ ಭಯವೂ ಇಲ್ಲ.

ಬೋರಿನ ಮೋಟಾರು ರಿಪೇರಿ ಮಾಡುವ ನಮ್ಮ ಕಾಕಾ ಈ ನಕಾಶೆ ನೋಡಿ ಮೊದಲು ಕೇಳಿದ್ದು, “ಹೆಡ್ಡು ಎಷ್ಟ ಅದನೋ ತಮ್ಮಾ? ಇಷ್ಟ ಸಣ್ಣ ಪಂಪು ಗ್ವಾಡಿ ಏರಿಸಿ ದೂಡತೈತೇನು?” ಡಿ5 ಸುಮಾರು ನಾಲ್ಕು ಮೀಟರ್ ಎತ್ತಬಲ್ಲದು. ಒಮ್ಮೆ ಪೈಪು ತುಂಬಿದ ಮೇಲೆ ಏರುವ ನೀರಿನ ಭಾರವನ್ನು ಇಳಿಯುವ ನೀರೇ ಎಳೆದುಕೊಳ್ಳುತ್ತದೆ. ಆಮೇಲೆ ಪಂಪಿಗೆ ಉಳಿಯುವುದು ಪೈಪಿನ ತಿಕ್ಕಾಟ ಮಾತ್ರ. ಇದನ್ನು ಹೇಳಿದಾಗ ಕಾಕಾ ತಲೆದೂಗಿ, “ಹಂಗಾರ ಗಾಳಿ ಹಿಡೀದಂಗ ನೋಡ್ಕೋ” ಎಂದರು. ಸರಿಯಾದ ಮಾತು. ಈ ಪಂಪಿನ ಬೇರಿಂಗಿಗೆ ನೀರೇ ಎಣ್ಣೆ, ಒಣಗಿ ತಿರುಗಿದರೆ ಕೆಟ್ಟಿತು. ಹಾಗಾಗಿ ನೀರಿನ ಟ್ಯಾಂಕಿ ಎಲ್ಲಕ್ಕಿಂತ ಮೇಲೆ, ಪಂಪು ಅದರ ಕೆಳಗೆ.

ನಮ್ಮೂರ ಬೋರಿನ ಸವಳು ನೀರನ್ನು ಇದಕ್ಕೆ ಹನಿಯೂ ಹಾಕಬಾರದು. ಬೆಲ್ಲದ ಅಚ್ಚಿನಷ್ಟು ಚಿಕ್ಕ ಬ್ಲಾಕಿನೊಳಗಿನ ಕೂದಲೆಳೆಯ ಸೀಳುಗಳು ಸುಣ್ಣ ಕಟ್ಟಿ ಮುಚ್ಚಿಹೋಗುತ್ತವೆ. ಡಿಸ್ಟಿಲ್ಡ್ ನೀರು ಬೇಕು, ಜೊತೆಗೆ ಪಾಚಿ ಮತ್ತು ತುಕ್ಕು ತಡೆಯುವ ಔಷಧಿ. ಬಣ್ಣದ ದ್ರವಗಳನ್ನು ನಾನು ಬಿಟ್ಟಿದ್ದೇನೆ, ಅವು ಕಾಲಾಂತರದಲ್ಲಿ ಗಸಿ ಕಟ್ಟುತ್ತವೆ. ತಾಮ್ರದ ಬ್ಲಾಕಿದ್ದರೆ ರೇಡಿಯೇಟರೂ ತಾಮ್ರ, ಹಿತ್ತಾಳೆಯದೇ ಇರಲಿ. ಒಂದೇ ನೀರಿನಲ್ಲಿ ತಾಮ್ರ, ಅಲ್ಯೂಮಿನಿಯಂ ಎರಡೂ ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಅಗ್ಗದ ರೇಡಿಯೇಟರ್ ಕೊಳ್ಳುವ ಮುಂಚೆ ಇದೊಂದನ್ನು ಕೇಳಿಯೇ ಕೊಳ್ಳಿ. ಪೈಪಿಗೆ ಇಪಿಡಿಎಂ ಎಂಬ ಕಪ್ಪು ರಬ್ಬರ್ ಹಿಡಿದಿದ್ದೇನೆ. ಪಾರದರ್ಶಕ ಪೈಪಿನಷ್ಟು ಚೆಂದ ಕಾಣದು, ಆದರೆ ಬೇಗ ಮಾಸದು, ಪಂಪಿನ ನಡುಕವನ್ನೂ ನುಂಗುತ್ತದೆ.

ಸೋರಿದರೆ? 2004ರಲ್ಲಿ ಆ್ಯಪಲ್‌ನಂಥ ಕಂಪನಿ ಪವರ್ ಮ್ಯಾಕ್ ಜಿ5ಗೆ ದ್ರವ ತುಂಬಿ ಮಾರಿತ್ತು, ಆ ಪೀಳಿಗೆಯ ಕೆಲವು ಯಂತ್ರಗಳು ವರ್ಷಗಳ ಮೇಲೆ ಸೋರಿದವು. ಆದ್ದರಿಂದ ಪರೀಕ್ಷೆಯನ್ನು ಎರಡು ಸಲ ಮಾಡಬೇಕು. ನೀರು ಹಾಕುವ ಮೊದಲು ಮೀಟರಿರುವ ಸೈಕಲ್ ಪಂಪಿನಿಂದ ಅರ್ಧ ಬಾರ್‌ನಷ್ಟು ಗಾಳಿ ತುಂಬಿ, ಅರ್ಧ ತಾಸು ಮುಳ್ಳು ಇಳಿಯದೆ ನಿಲ್ಲುತ್ತದೆಯೇ ನೋಡುವುದು. ಆಮೇಲೆ ನೀರು ತುಂಬಿ, ಕಂಪ್ಯೂಟರಿಗೆ ಕರೆಂಟ್ ಕೊಡದೆ ಬೇರೆ ಪವರ್ ಸಪ್ಲೈಯಿಂದ ಪಂಪು ಮಾತ್ರ ರಾತ್ರಿಯಿಡೀ ಓಡಿಸುವುದು, ಪ್ರತಿ ಜೋಡಣೆಯ ಕೆಳಗೂ ಒಂದು ಟಿಶ್ಯೂ ಕಾಗದ. ಪಂಪಿನ ವೇಗ ತಿಳಿಸುವ ತಂತಿಯನ್ನು ಪ್ರೊಸೆಸರ್ ಫ್ಯಾನಿನ ಜಾಗಕ್ಕೆ ಚುಚ್ಚಬೇಕು. ಪಂಪು ನಿಂತರೆ ಮದರ್‌ಬೋರ್ಡಿಗೆ ಕೂಡಲೇ ಗೊತ್ತಾಗುತ್ತದೆ.

ಮದರ್‌ಬೋರ್ಡಿನ ಉಳಿದ ಭಾಗಗಳಿಗೆ ಗಾಳಿ ಬೇಕೇ ಬೇಕು. ಅದಕ್ಕೆ ಡಬ್ಬಿಯಲ್ಲಿ 140 ಮಿಲಿಮೀಟರಿನ ಒಂದು ಫ್ಯಾನು ತೀರಾ ನಿಧಾನಕ್ಕೆ ತಿರುಗುತ್ತಿರುತ್ತದೆ. ಗೋಡೆಯ ತೂತಿಗೆ ಎರಡೂವರೆ ಇಂಚಿನ ಪಿವಿಸಿ ತೋಳು, ಎರಡು ಪೈಪು ಮತ್ತು ವೈರು ಹಾಯಲು ಅಷ್ಟು ಸಾಕು. ಉಳಿದ ಸಂದಿಗೆ ಹತ್ತಿ ತುರುಕದಿದ್ದರೆ ಪಡಸಾಲೆಯ ಮಾತೆಲ್ಲ ಮೈಕಿಗೆ ಬರುತ್ತದೆ. ತೂತನ್ನು ತೊಲೆಯ ಕೆಳಗೆ ಕೊರೆಯುವುದು ಬೇಡ, ಪಡಸಾಲೆಯ ಕಡೆಗೆ ಬೆರಳಷ್ಟು ಇಳಿಜಾರು ಇರಲಿ ಎಂದು ಗೌಂಡಿಗೆ ಹೇಳಿದ್ದೇನೆ. ಗೋಡೆಯೊಳಗೆ ಎಂದಾದರೂ ಹನಿ ಜಿನುಗಿದರೆ ಅದು ಹೊರಗೇ ಇಳಿಯುತ್ತದೆ.