ಜೋಳದ ರೊಟ್ಟಿ, ಮೊಳಕೆಕಾಳು

ದಾವಣಗೆರೆ ಸೀಮೆಗೆ ಭದ್ರಾ ನಾಲೆಯ ನೀರು ಹರಿದ ಮೇಲೆ ಹದಡಿಯ ಕಡೆಯ ಮನೆಗಳಲ್ಲೂ ಅನ್ನವೇ ಮುಖ್ಯ ಊಟವಾಯಿತು. ಅದು ಸಂತೋಷವೇ. ಆದರೆ ಎರಡು ಹೊತ್ತೂ ಬಿಳಿಯ ಅನ್ನ, ತಿಳಿಸಾರು ಎಂದಾದರೆ ಹೊಟ್ಟೆ ತುಂಬೀತು, ಮೈಗೆ ಸಾಲದು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು, ಬಿ ಜೀವಸತ್ವಗಳ ಹೆಚ್ಚಿನ ಪಾಲು ತೌಡಿನೊಡನೆ ಹೋಗಿರುತ್ತದೆ.

ಗೃಹಿಣಿಯರು ದಿನಕ್ಕೊಂದು ಹೊತ್ತಾದರೂ ಜೋಳದ ರೊಟ್ಟಿಗೆ ಮರಳಬಹುದು. ಜೊತೆಗೆ ಮೊಳಕೆ ಹೆಸರುಕಾಳಿನ ಪಲ್ಯ, ಹಸಿ ಮೆಂತ್ಯಸೊಪ್ಪು, ಮೊಸರು. ಜೋಳದ ಸಸಾರಜನಕದಲ್ಲಿ ಕಡಿಮೆಯಿರುವ ಲೈಸಿನ್ ಕಾಳಿನಲ್ಲಿ ಹೇರಳ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಬೆಳಿಗ್ಗೆ ನೆನೆಸಿದ ಕಾಳನ್ನು ರಾತ್ರಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ ಸಿದ್ಧ. ಈರುಳ್ಳಿ, ಹಸಿಮೆಣಸಿನಕಾಯಿಯ ಒಗ್ಗರಣೆಯಲ್ಲಿ ಬೇಯಿಸಿರಿ. ಇಳಿಸಿದ ಮೇಲೆ ನಿಂಬೆರಸ ಹಿಂಡಿರಿ. ಕಾಳಿನ ಕಬ್ಬಿಣಾಂಶ ಮೈಗೆ ಹತ್ತಲು ಅದು ನೆರವಾಗುತ್ತದೆ. ಊಟದ ಬೆನ್ನಿಗೇ ಕುಡಿದ ಚಹ ಅದಕ್ಕೆ ಅಡ್ಡಿ. ರೊಟ್ಟಿ ತಟ್ಟಲು ಬಿಡುವಿಲ್ಲದ ದಿನ ಜೋಳದ ನುಚ್ಚು ಬೇಯಿಸಿ ಮಜ್ಜಿಗೆಯೊಡನೆ ಬಡಿಸಿರಿ.

ಇನ್ನೊಂದು ಮಾತು. ಎಲ್ಲರಿಗೂ ಬಡಿಸಿ ಉಳಿದುದನ್ನು ಉಣ್ಣುವವಳು ತಾಯಿ. ರಕ್ತಹೀನತೆ ಹೆಚ್ಚಾಗಿ ಕಾಡುವುದೂ ಹೆಂಗಸರನ್ನೇ. ಪಲ್ಯದಲ್ಲಿ ಅವಳ ಪಾಲನ್ನು ಮೊದಲೇ ತೆಗೆದಿಡಿ. ಬೆಣ್ಣೆ ದೋಸೆ ನಮ್ಮೂರ ಹೆಮ್ಮೆ. ಅದು ಅಪರೂಪಕ್ಕಿರಲಿ, ರೊಟ್ಟಿ ದಿನದ ಊಟಕ್ಕಿರಲಿ.